ಖಾಲಿ ಮನೆಗೆ ಒಣಹಾಕಿದ ಅಂಗಿ

ಇವತ್ತು ಬೆಳಿಗ್ಗೆ ಯಾರಿಗಾದರೂ ಕೊಡಬಹುದಾದ ಬಟ್ಟೆಗಳನ್ನು ಬೇರೆ ಮಾಡುತ್ತಿದ್ದಾಗ ನಮ್ಮವರ ಚೌಕುಳಿ ಅಂಗಿಯೊಂದು ಕೈಗೆ ಬಂತು. ಬೆನ್ನು ಬಿಸಿಲಿಗೆ ಬಿಳಚಿಕೊಂಡಿದೆ, ಎದೆಯ ಕಡೆ ಇನ್ನೂ ಹೊಸ ನೀಲಿ. ತೊಟ್ಟು ಹಳೆಯದಾಗಿದ್ದರೆ ಕಾಲರು ಸವೆದಿರಬೇಕಿತ್ತಲ್ಲ? ಇದು ಹಗ್ಗದ ಮೇಲೆ ತೂಗಿಯೇ ಹಳೆಯದಾದದ್ದು. "ಒಗೆಯದೇ ಒಣಗೋ ಅಂಗಿ" ಎಂದು ಅವರು ನಗುತ್ತಿದ್ದರು. ಅದರ ಕಥೆ ಹೇಳುತ್ತೇನೆ. ಹಾದಿ ಸ್ವಲ್ಪ ಸುತ್ತು, ಬೇಸರ ಮಾಡಿಕೊಳ್ಳಬೇಡಿ.

ಘಾಜಿಯಾಬಾದ್ ದಾಟಿ ಇನ್ನೂ ಮುಂದೆ, ಒಂದು ಕಾರ್ಖಾನೆಯನ್ನು ನಂಬಿ ಹುಟ್ಟಿದ ಸಣ್ಣ ಊರು ನಮ್ಮದು. ದೆಹಲಿಯಲ್ಲಿ ಮನೆ ಕೊಳ್ಳಲಾಗದ ನಮ್ಮಂಥವರೂ ಬಂದು ಸೇರಿಕೊಂಡೆವು. ಕಾರ್ಖಾನೆ ಮುಚ್ಚಿತು. ಮೊದಲು ಶಾಲೆಯ ಬಸ್ಸು ನಿಂತಿತು, ಆಮೇಲೆ ಹಾಲಿನ ಬೂತು, ಆಮೇಲೆ ಒಂದೊಂದೇ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಹೋಗುವವರೆಲ್ಲ ಮನೆಯ ಕೀಲಿಯನ್ನೂ ತುಳಸಿ ಕುಂಡವನ್ನೂ ನನಗೆ ಒಪ್ಪಿಸಿ ಹೋಗುತ್ತಿದ್ದರು. ನನ್ನ ಬಾಲ್ಕನಿಯಲ್ಲಿ ಐದು ತುಳಸಿ ಸೇರಿದವು. ಅಷ್ಟು ಪುಣ್ಯ ನನಗೇನೂ ಬೇಕಿರಲಿಲ್ಲ.

ಒಂದು ದಿನ ಪೇಪರಿನಲ್ಲಿ ನಮ್ಮ ಊರಿನ ಹೆಸರು ಬಂತು. ಇಲ್ಲಿ ಹಲ್ಲೆ, ಕೊಲೆ ಏರುತ್ತಿವೆಯಂತೆ. ಎಲ್ಲರೂ ಗಾಬರಿಯಾದರು. ನಮ್ಮವರು ಸರ್ಕಾರಿ ಆಫೀಸಿನಲ್ಲಿ ಜೀವಮಾನವೆಲ್ಲ ಅಂಕಿಅಂಶದ ಕೋಷ್ಟಕ ತುಂಬಿದ ಗುಮಾಸ್ತರು. ಬಟಾಣಿ ಸುಲಿಯುತ್ತಾ ಕೂತವರು ಕೆಳಮನೆಯ ಮುತ್ತಣ್ಣನವರಿಗೆ ವಿವರಿಸಿದರು. "ನೋಡಿ, ಅಪರಾಧ ಹೋದ ವರ್ಷದಷ್ಟೇ ಇದೆ. ಜನ ಕಮ್ಮಿಯಾಗಿದಾರೆ. ಭಾಗಿಸಿದಾಗ ದೊಡ್ಡದಾಗಿ ಕಾಣುತ್ತೆ, ಅಷ್ಟೇ."

ಮುತ್ತಣ್ಣನವರು ಕೊಡಗಿನವರು, ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದವರು. "ಅಚ್ಛಾ. ಚಾಕು ಹಾಕೋನಿಗೆ ಭಾಗಾಕಾರ ಬರುತ್ತಾ ಸರ್?" ಎಂದರು.

ಮಾರನೆಯ ದಿನವೇ ಮುತ್ತಣ್ಣನವರು ಒಂದು ಪಟ್ಟಿ ಮಾಡಿದರು. ಖಾಲಿ ಮನೆಗಳ ಕೀಲಿಗಳೆಲ್ಲ ನಮ್ಮಲ್ಲೇ ಇದ್ದವಲ್ಲ. ಉಳಿದವರು ಸರದಿಯ ಮೇಲೆ ಸಂಜೆ ಹೋಗಿ ದೀಪ ಹಾಕಬೇಕು, ಬಾಲ್ಕನಿಯಲ್ಲಿ ಬಟ್ಟೆ ತೂಗಬೇಕು, ಮನೆಯಲ್ಲಿ ಜನ ಇದ್ದಾರೆ ಎಂದು ಕಾಣಬೇಕು. ಬಟ್ಟೆಯ ಜವಾಬ್ದಾರಿ ನನ್ನದಾಯಿತು. ಎಸ್ಸೆಸ್ಸೆಲ್ಸಿ ಓದಿದ ನನಗೆ ಯಾರೂ ಅಂಥ ಹುದ್ದೆ ಕೊಟ್ಟಿರಲಿಲ್ಲ. ನಾನು ಅಚ್ಚುಕಟ್ಟಿನವಳು. ಯಾವ ಬಟ್ಟೆ ಯಾವ ಮನೆಗೆ ಎಂದು ಗೊಂದಲವಾಗಬಾರದೆಂದು ಪ್ರತಿಯೊಂದರ ಕಾಲರಿನ ಒಳಗೆ, ಇಲ್ಲವೇ ಅಂಚಿನಲ್ಲಿ, ಮನೆಯ ನಂಬರನ್ನು ದಾರದಲ್ಲಿ ಹೊಲಿದೆ. ಮಳೆ ಬಂದರೆ ತೆಗೆದು, ಮತ್ತೆ ಅದೇ ಮನೆಯಲ್ಲಿ ಅದೇ ಅಂಗಿ. ಈ ಚೌಕುಳಿ ಅಂಗಿ ಮೂರನೆಯ ಮಹಡಿಯದು. ಜನ್ಮದಲ್ಲಿ ಸೀರೆ ಉಡದ ಪಂಜಾಬಿ ಹೆಂಗಸಿನ ಮನೆಗೆ ನನ್ನದೊಂದು ಹಳೆಯ ಮೈಸೂರು ಸಿಲ್ಕ್ ತೂಗಿಬಿಟ್ಟಿದ್ದೆ. "ಲೇ, ಅವಳು ನೋಡಿದ್ರೆ ವಾಪಸ್ ಬಂದು ಜಗಳ ಆಡ್ತಾಳೆ" ಎಂದು ಇವರು ನಕ್ಕಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಹೋದ ಜನವರಿಯಲ್ಲಿ ಒಂದು ಸಂಜೆ ಚೌಕುಳಿ ಅಂಗಿ ತೂಗುತ್ತಿದ್ದ ಮೂರನೆಯ ಮಹಡಿಯ ಮನೆಯೊಳಗೆ ಇಬ್ಬರು ಕಳ್ಳರು ನಲ್ಲಿ, ತಾಮ್ರದ ತಂತಿ ಕೀಳುತ್ತಿದ್ದರು. ದೀಪ ಹಾಕಲು ಹೋದ ಇವರ ತಲೆಗೆ ನಲ್ಲಿ ಬಿಚ್ಚುವ ಕಬ್ಬಿಣದ ಪಾನಾದಿಂದ ಹೊಡೆದು ಓಡಿದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಇವರು ತೀರಿಕೊಂಡರು. ಆ ವರ್ಷದ ಕೋಷ್ಟಕದಲ್ಲಿ ಮೇಲೆ ಒಂದು ಹೆಚ್ಚಿತು, ಕೆಳಗೆ ಒಂದು ಕಮ್ಮಿಯಾಯಿತು.

ಆ ಇಬ್ಬರೂ ಸಿಕ್ಕಿಬಿದ್ದರು. ಖಾಲಿ ಮನೆ ಯಾವುದೆಂದು ಅವರಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಿದೆ. ಪೊಲೀಸಿನವರು ಮೆಲ್ಲಗೆ ಹೇಳಿದರು: "ಮಾತಾಜಿ, ಜನ ಇರೋ ಮನೇಲಿ ದಿನಾ ಬೇರೆ ಬೇರೆ ಬಟ್ಟೆ ಒಣಗುತ್ತೆ. ಒಂದೇ ಅಂಗಿ ವರ್ಷಗಟ್ಟಲೆ ಒಣಗಲ್ಲ." ನಂಬರು ಹೊಲಿದಿದ್ದ ಬೆರಳುಗಳನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ.

ಅದಕ್ಕಿಂತ ದೊಡ್ಡದೊಂದನ್ನೂ ಮುಚ್ಚಿಟ್ಟಿದ್ದೆ. ಆ ಸಂಜೆಯ ಸರದಿ ನನ್ನದು. ದೆಹಲಿಯ ರೋಹಿಣಿ ಬಡಾವಣೆಯಲ್ಲಿರುವ ಮಗಳು ಸ್ಮಿತಾಳ ಫೋನು ಬಂದಿತ್ತು. ಮಾತು ಬಿಟ್ಟು ಏಳಲು ಮನಸ್ಸಾಗದೆ, ಫೋನಿಗೆ ಕೈ ಅಡ್ಡ ಹಿಡಿದು "ರೀ, ಇವತ್ತು ನೀವೇ ಹೋಗಿ ಬನ್ನಿ" ಎಂದಿದ್ದೆ. ಆಮೇಲೆ ಎಲ್ಲರಿಗೂ "ತಾವಾಗಿಯೇ ಹೋದರು" ಎಂದು ಹೇಳಿದೆ. ಪಟ್ಟಿ ಬರೆದ ಮುತ್ತಣ್ಣನವರಿಗೆ ತಿಳಿಯದೇ ಇರಲಾರದು. ಅವರು ಒಂದು ಮಾತೂ ಎತ್ತಲಿಲ್ಲ. ಮಗಳಿಗೆ ಮಾತ್ರ ಅಪ್ಪನ ಮೇಲೆ ಕೋಪ ಬೆಳೆಯಿತು. ನಿಜ ಹೇಳಿದರೆ ಆ ಕೋಪ ಹೋಗಬಹುದು, ಆದರೆ ಫೋನು ಮಾಡಿದ್ದು ತಾನು ಎಂಬುದು ಅವಳ ಎದೆಯಲ್ಲಿ ಉಳಿದುಬಿಡಬಹುದು. ಹೀಗೆ ತೂಗುತ್ತಾ ಒಂದು ವರ್ಷ ಕಳೆದೆ. ಅಷ್ಟು ದಿನವೂ ತಪ್ಪು ಸತ್ತವರ ಹೆಸರಿನಲ್ಲೇ ಇತ್ತು.

ನಾಳೆ ನಾನೂ ರೋಹಿಣಿಗೆ ಹೊರಡುತ್ತಿದ್ದೇನೆ. ಸ್ಮಿತಾ ಸಾಮಾನು ಕಟ್ಟಲು ಬಂದಿದ್ದಾಳೆ. ಅಂಗಿಯನ್ನು ನನ್ನ ಕೈಯಲ್ಲಿ ನೋಡಿದ್ದೇ ಅವಳ ಮುಖ ಗಂಟಾಯಿತು.

"ಪಾಪಾಗೆ ಅಕಲ್ ಇರ್ಲಿಲ್ಲ ಮಮ್ಮಿ. ಹೀರೋ ಥರ ಒಬ್ಬರೇ ಹೋಗೋಕೆ ಯಾರು ಹೇಳಿದ್ರು?"

"ನಾನು" ಎಂದೆ.

ಅವಳು ಟೇಪು ಹಚ್ಚುವುದನ್ನು ನಿಲ್ಲಿಸಿದಳು.

"ಅವತ್ತು ಸರದಿ ನಂದು. ಅವರನ್ನ ನಾನೇ ಕಳಿಸಿದೆ."

ಟೇಪನ್ನು ಕೆಳಗಿಟ್ಟು ಕೇಳಿದಳು. "ಮೇರೆ ಫೋನ್ ಕೀ ವಜಹ್ ಸೇ? ನನ್ನ ಜೊತೆ ಮಾತಾಡ್ತಿದ್ದಿ ಅಂತಾನಾ?"

"ನಿನ್ನ ಫೋನಿಂದಲ್ಲ. ನನ್ನ ಸೋಮಾರಿತನದಿಂದ." ಅದು ಪೂರ್ತಿ ನಿಜವೋ ಅಲ್ಲವೋ, ನಿಮಗೆ ಬಿಟ್ಟಿದ್ದೇನೆ. "ಪಾಪಾ ಬಾಗಿಲಲ್ಲಿ ನಿಂತು ನಿನಗೊಂದು ಮಾತು ಹೇಳು ಅಂದಿದ್ರು. ಅದನ್ನ ಹೇಳಿದ್ರೆ ಎಲ್ಲಾ ಹೇಳಬೇಕಾಗುತ್ತೆ ಅಂತ ಹೇಳಲೇ ಇಲ್ಲ."

"ಏನಂದ್ರು?"

"ಶನಿವಾರ ನಾನೇ ಬಂದು ಅವಳ ಮನೆ ಗೀಸರ್ ನೋಡ್ತೀನಿ, ಅಲ್ಲೀವರೆಗೂ ಯಾರನ್ನೂ ಕರೆಸಬೇಡ ಅಂತ ಹೇಳು ಅಂದ್ರು."

ಸ್ಮಿತಾ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅತ್ತಳು, ನಡುವೆ ನಕ್ಕಳು. "ಇನ್ನೂ ಸೋರ್ತಾ ಇದೆ ಮಮ್ಮಿ. ಕೆಳಗೆ ಬಕೆಟ್ ಇಟ್ಟಿದೀನಿ" ಎಂದಳು.

"ನಾಳೆ ಹೋಗ್ತಾನೇ ಪ್ಲಂಬರ್ ಭಯ್ಯಾನ್ನ ಕರೆಸೋಣ" ಎಂದೆ.