ಏಳು ಕೈಯ ಕೊಸರು

ಬೆಳಕು ಹರಿಯುವ ಮುಂಚೆಯೇ ನ್ಯಾಮತಿಯ ಮಂಡಕ್ಕಿ ಭಟ್ಟಿಯಲ್ಲಿ ಚಟಪಟ ಸದ್ದು ಶುರುವಾಗಿದೆ. ಸಣ್ಣತಿಮ್ಮಪ್ಪ ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ, ಗಾದ್ರಮ್ಮ ಅರಳಿದ್ದನ್ನು ಜರಡಿ ಹಿಡಿಯುತ್ತಾರೆ. ಬಾಗಿಲ ಬಳಿ ರಾಶಿಯ ಮುಂದೆ ಕೂತ ಉಡಚಮ್ಮ ಮಾತ್ರ ಇನ್ನೂ ಅಳತೆಯ ಡಬ್ಬ ಮುಟ್ಟಿಲ್ಲ. ಚೊಂಬಿನ ನೀರಲ್ಲಿ ಬಲಗೈ ತೊಳೆದು, ಸೆರಗಿಗೆ ಒರೆಸಿ, ಬೆರಳು ಅಗಲಿಸಿ ನೋಡಿಕೊಳ್ಳುತ್ತಾರೆ. ಹೊರಗೆ ಚೀಲ ಹಿಡಿದವರ ಸಾಲು ಬೇರೆ ದಿನಕ್ಕಿಂತ ಉದ್ದವಿದೆ. ಇವತ್ತು ಗುರುವಾರ, ಉಡಚಮ್ಮನವರ ಕೊಸರಿನ ದಿನ.

ಅಳತೆ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಪುಕ್ಕಟೆ ಬೀಳುವ ಒಂದು ಹಿಡಿಗೆ ದಿನವೇಕೆ, ವಾರವೇಕೆ? ಕೇಳಿದರೆ ಉಡಚಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. "ಆ ಕೊಸರ್ನಾಗೇ ನಮ್ ಭಟ್ಟಿ ಮುಳುಗಿ ಹೋಗ್ತಿತ್ತು ರೀ!"

ಭಟ್ಟಿ ಆಗ ಸಾಹುಕಾರ ಮಹೇಶ್ವರಪ್ಪನವರದು. ಉಡಚಮ್ಮ ಪ್ರಾಯದಲ್ಲೇ ಕೂಲಿಗೆ ಸೇರಿದವರು. ಡಬ್ಬ ತುಂಬಿ ಸುರಿಯುವುದು ಅವರ ಕೆಲಸ. ಕೊಸರು ಮಾತ್ರ ಸಾಹುಕಾರರೇ ಗದ್ದಿಗೆಯಿಂದ ಎದ್ದು ಬಂದು ಹಾಕಬೇಕು. "ಅಳೆಯೋ ಕೈ ನಂದು, ಕೊಡೋ ಕೈ ಅವ್ರುದು. ಒಂದ್ಸಲ ಮರೆತು ನಾನೇ ಹಾಕಾಕೆ ಹೋದೆ. 'ನಿಮ್ಮಪ್ಪನ ಮನೆ ಗಂಟೇನೇ?' ಅಂದ್ರು. ಗಿರಾಕಿ ಮುಂದೆ ತಲೆ ಎತ್ತಾಕೆ ಆಗ್ಲಿಲ್ಲ."

ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮಂಡಿನೋವು ಹೆಚ್ಚಾಗಿ, ಮಹೇಶ್ವರಪ್ಪ ಭಟ್ಟಿಯನ್ನು ಅಲ್ಲಿ ದುಡಿಯುವ ಏಳು ಜನರಿಗೇ ಬಿಟ್ಟುಕೊಡಲು ಮನಸ್ಸು ಮಾಡಿದರು. ಬೆಲೆಯನ್ನು ಪ್ರತಿ ದೀಪಾವಳಿಗೆ ಕಂತಿನಲ್ಲಿ ತೀರಿಸಬೇಕು. ಮಿಕ್ಕ ಲಾಭದಲ್ಲಿ ಏಳು ಸಮಪಾಲು. ಕಂತು ತಪ್ಪಿದರೆ ಭಟ್ಟಿ ಬೇರೆಯವರ ಪಾಲು. "ಆಳು ಮಾಡಿದ್ದು ಹಾಳು" ಎಂದು ಪೇಟೆಯಲ್ಲಿ ನಕ್ಕವರೇ ಹೆಚ್ಚು.

ಮೊದಲ ದಿನ ತನ್ನ ಕೈಯಾರೆ ಕೊಸರು ಹಾಕುವಾಗ ಉಡಚಮ್ಮನವರ ಕಣ್ಣಲ್ಲಿ ನೀರು ಬಂತಂತೆ. ಆದರೆ ಆ ಆಸೆ ಅವರೊಬ್ಬರದೇ ಆಗಿರಲಿಲ್ಲ. ಅವರು ಹಾಕಿದ ಮೇಲೆ ಚೀಲ ಹೊಲಿಯುವವರದೊಂದು ಹಿಡಿ, ಜರಡಿ ಬಿಟ್ಟು ಓಡಿಬಂದ ಗಾದ್ರಮ್ಮನವರದೊಂದು ಹಿಡಿ. ಒಲೆಯ ಮುಂದಿನಿಂದ ಬೆವರೊರೆಸಿಕೊಂಡು ಬರುವ ಸಣ್ಣತಿಮ್ಮಪ್ಪನವರದಂತೂ ಬೊಗಸೆ. ಏಳು ಜನ ಸಾಹುಕಾರರು, ಏಳು ಕೊಸರು! ಹೊನ್ನಾಳಿ ಸಂತೆಯವರು, ಚನ್ನಗಿರಿಯವರು, ದೂರದ ಜಗಳೂರಿನವರೂ ಇಲ್ಲಿಗೇ ಮುಗಿಬಿದ್ದರು. ಭಟ್ಟಿಗೆ ಬಿಡುವೇ ಇಲ್ಲ. ಅಷ್ಟಾದರೂ ದೀಪಾವಳಿ ಹತ್ತಿರ ಬಂದಾಗ ಗಲ್ಲಾಪೆಟ್ಟಿಗೆಯಲ್ಲಿ ಕಂತಿಗೂ ದುಡ್ಡಿಲ್ಲ.

ದುಡ್ಡು ತಿಂದವರು ಯಾರು? ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡತೊಡಗಿದರು. ಗಲ್ಲಾದ ಪಕ್ಕ ಕೂರುವವರು ಉಡಚಮ್ಮ. "ಅಕ್ಕ, ನೀನೇ ಹೇಳು, ದುಡ್ಡು ಎಲ್ಲಿ ಹೋತು?" ಎಂದು ಸಣ್ಣತಿಮ್ಮಪ್ಪ ಕೇಳಿಯೇಬಿಟ್ಟರು. "ಅಕ್ಕ ಅಕ್ಕ ಅಂತ ಕರ್ಯೋನು ರೀ. ಅವ್ನ ಬಾಯಾಗೆ ಆ ಮಾತು! ಅವತ್ತು ನಂಗೆ ಅನ್ನ ಸೇರ್ಲಿಲ್ಲ," ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಗಂಟು ಬಿಚ್ಚಿದವರು ತ್ಯಾವಣಿಗೆಯ ಗಿರಾಕಿ ಕಸ್ತೂರಮ್ಮ, ಅದೂ ತಮಗೇ ಗೊತ್ತಿಲ್ಲದೆ. "ಸಾಕು ನಿಲ್ಲಿಸ್ರವ್ವ, ಚೀಲ ಹಿಡಿಸ್ತಿಲ್ಲ. ಮುಂದಿನ್ಸಲ ನಿಮ್ ಕೊಸರಿಗೇ ಒಂದು ಬ್ಯಾರೆ ಚೀಲ ತರ್ತೀನಿ," ಎಂದರಂತೆ. ಹಿಡಿ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಹನಿ ಹನಿ ಕೂಡಿದರೆ ಹಳ್ಳವೆಂದು ಎಲ್ಲರೂ ಬಲ್ಲರು. ಹಿಡಿ ಹಿಡಿ ಸೋರಿ ಭಟ್ಟಿಯೇ ಖಾಲಿಯಾದದ್ದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕೊಸರು ನಿಲ್ಲಿಸಿದರೆ ಗಿರಾಕಿ ಹೋಗುತ್ತಾರೆ. ಒಬ್ಬರ ಕೈಗೇ ಕೊಟ್ಟರೆ ಮತ್ತೆ ಅವರೇ ಸಾಹುಕಾರರು, ಉಳಿದವರು ಕೂಲಿಗಳು. ದಾರಿ ಹೇಳಿದವರು ಉಡಚಮ್ಮ: "ವಾರಕ್ಕೆ ಏಳು ದಿನ ಐತೆ, ನಾವೂ ಏಳು ಜನ ಇದೀವಿ. ದಿನಕ್ಕೊಬ್ರು ಸಾವ್ಕಾರ್ರಾಗಾನ." ಆಮೇಲೆ ಅವರೇ ಹೋಗಿ ಮಹೇಶ್ವರಪ್ಪನವರನ್ನು ಯುಗಾದಿಯವರೆಗೆ ಗಡುವು ಬೇಡಿಕೊಂಡರು. ಯುಗಾದಿಗೆ ಕಂತು ಮುಟ್ಟಿತು. ಕಳೆದ ದೀಪಾವಳಿಗೆ ಕೊನೆಯ ಕಂತೂ ತೀರಿ ಭಟ್ಟಿ ಪೂರ್ತಿ ಅವರದೇ ಆಯಿತು. ತಮ್ಮ ಪಾಲಿನ ಲಾಭದಲ್ಲಿ ಉಡಚಮ್ಮ ಮನೆಗೆ ಹೆಂಚು ಹೊದಿಸಿದ್ದಾರೆ. ಆದರೂ ಮಾತೆತ್ತಿದರೆ ಅವರಿಗೆ ಹೆಂಚಲ್ಲ, ಗುರುವಾರವೇ ದೊಡ್ಡದು. "ಅವ್ವನ ಕೈ ದೊಡ್ಡದು ಅಂತ ಇವತ್ತೇ ಜನ ಹೆಚ್ಚು ಬರ್ತಾರೆ," ಎಂದು ಗಾದ್ರಮ್ಮ ಛೇಡಿಸುತ್ತಾರೆ.

ಸಾಲು ಸರಿಯುತ್ತದೆ. ಕೋಲೂರಿಕೊಂಡು, ಬಟ್ಟೆಯ ಚೀಲ ಹಿಡಿದು ಬಂದು ನಿಂತವರು ಮಹೇಶ್ವರಪ್ಪನವರೇ. ಉಡಚಮ್ಮ ಡಬ್ಬ ಅಳೆದು ಸುರಿದು, ಮೇಲೊಂದು ತುಂಬು ಹಿಡಿ ಹಾಕುತ್ತಾರೆ. ಹಳೆಯ ಸಾಹುಕಾರರು ಚೀಲ ಮುಚ್ಚುವುದಿಲ್ಲ. "ಇನ್ನೊಂದು ಹಿಡಿ ಹಾಕು ಉಡಚವ್ವ, ಮೊಮ್ಮಕ್ಕಳು ಬಂದಾವೆ."

ಉಡಚಮ್ಮ ಒಂದು ಗಳಿಗೆ ರಾಶಿ ನೋಡುತ್ತಾರೆ, ಒಳಗಿರುವ ಆರು ಜನರನ್ನು ನೋಡುತ್ತಾರೆ. ಆಮೇಲೆ ಕೈ ಮಡಿಲಿಗೆ ಎಳೆದುಕೊಂಡು, ತಲೆ ಎತ್ತಿ, ಮೆಲ್ಲಗೆ ನಗುತ್ತಾರೆ.

"ಒಂದೇ ಕೊಸರು ಸಾವ್ಕಾರ್ರೆ. ಇದು ಏಳು ಜನರ ಗಂಟು."