ಅಣ್ಣ ಅಂದದ್ದಕ್ಕೆ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನನ್ನ ತಾಯಿಯ ಊರಿನ ಕಡೆ ರವದಿ ಎನ್ನುತ್ತಾರೆ. ಅದಕ್ಕೆ ಬೆಂಕಿ ಹಚ್ಚಿದಾಗ ಏಳುವ ಹೊಗೆಗೆ ತಳ ಹಿಡಿದ ಹಾಲಿನಂಥ ವಾಸನೆ, ಸಿಹಿಯೂ ಹೌದು, ಕಹಿಯೂ ಹೌದು. ಮೊನ್ನೆ ಮಂಡ್ಯದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತವರು ಸೆರಗು ಮೂಗಿಗೆ ಹಿಡಿದುಕೊಂಡರು. ನಾನು ಮಾತ್ರ ಕಿಟಕಿಯ ಗಾಜು ಎಳೆದು ಮುಚ್ಚಿ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಲವತ್ತು ದಾಟಿದ ಹೆಂಗಸು ನಾನು. ಹೊಲ ಸುಡುವ ಹೊಗೆಗೆ ಹೆದರುವುದೆಂದರೆ ನಾಚಿಕೆಯ ವಿಷಯ. ಆದರೆ ನಿಮಗೂ ಇಂಥದೊಂದು ವಾಸನೆ ಇರಬಹುದು. ಬಾಗಿಲು ತಟ್ಟದೆ ಒಳಗೆ ಬಂದು, ಎಂದೋ ಬಿದ್ದುಹೋದ ಮನೆಯ ನಡುವೆ ನಿಮ್ಮನ್ನು ನಿಲ್ಲಿಸಿಬಿಡುವಂಥದು.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಮ್ಮ ಮೂಡಲಗಿಯವಳು. ಧಾರವಾಡದಲ್ಲಿ ಓದುವಾಗ ಅಪ್ಪನನ್ನು ಮೆಚ್ಚಿ ಮದುವೆಯಾದಳು. ತವರಿನವರು ಅಂದೇ ಬಾಗಿಲು ಮುಚ್ಚಿದರು. ಅಪ್ಪ ಎಂದು ಬರೆದೆ, ಆದರೆ ನಾನು ಅವರನ್ನು ಒಂದು ದಿನವೂ ಹಾಗೆ ಕರೆದವಳಲ್ಲ. ಅವರೇ ಮನೆಗೆ ಹಿರಿಯ ಮಗ, ಚಿಕ್ಕಪ್ಪಂದಿರೆಲ್ಲ ಅಣ್ಣಾ ಅಣ್ಣಾ ಎನ್ನುತ್ತಿದ್ದರು, ಕೇಳಿಕೊಂಡು ಬೆಳೆದ ನಾನೂ ಅಣ್ಣ ಎಂದೇ ಕರೆದೆ. ನಮ್ಮ ಕಡೆ ಹಲವು ಮನೆಗಳಲ್ಲಿ ಹಾಗೆಯೇ ಇತ್ತು. ನನಗೆ ಎಂಟು ವರ್ಷವಾದಾಗ ಅಮ್ಮ ಜ್ವರದಲ್ಲಿ ಹೋದಳು. ಅದಾಗಿ ಕೆಲವು ತಿಂಗಳಿಗೆ ಪಕ್ಕದ ಮನೆಯ ಫೋನಿಗೆ ಮೂಡಲಗಿಯಿಂದ ಅಮ್ಮನ ತಾಯಿ ಗೌರವ್ವನ ಕರೆ ಬಂತು. ಅಣ್ಣ ಕಿವಿಗೆ ಒತ್ತಿ ಹಿಡಿದಿದ್ದರೂ ಆ ಮುದುಕಿಯ ದನಿ ನನಗೂ ಕೇಳಿಸಿತು. "ಮಗಳ ಮಾರಿ ನೋಡಾಕ ಆಗ್ಲಿಲ್ಲ. ಕೂಸಿನ ಮಾರಿ ಆದ್ರೂ ತೋರಿಸ್ರಿ." ಅಣ್ಣ ಈ ವಾರವೇ ಬರುತ್ತೇವೆ ಎಂದರು, ಯಾವ ದಿನವೆಂದು ಹೇಳಲಿಲ್ಲ.

ರೈಲಿಳಿದದ್ದು ಘಟಪ್ರಭಾದಲ್ಲಿ. ಅಮ್ಮ ಗೋಕಾಕದ ಕರದಂಟಿನ ಕಥೆ ಹೇಳಿ ಹೇಳಿ ನನ್ನ ಬಾಯಲ್ಲಿ ನೀರೂರಿಸಿದ್ದಳು. ಅಣ್ಣ ಸ್ಟೇಷನ್ನಿನ ಹೊರಗೆ ಒಂದು ಪೊಟ್ಟಣ ಕೊಂಡು ಜೇಬಿಗೆ ಹಾಕಿಕೊಂಡರು. ಮೂಡಲಗಿಯ ಬಸ್ಸಿನಲ್ಲಿ ಕೂತಾಗಲೇ ಜನ ತಿರುಗಿ ತಿರುಗಿ ನೋಡತೊಡಗಿದರು. ನೋಡುವಂತೆಯೇ ಇದ್ದೆವು ನಾವು. ಜ್ವರ ನನಗೂ ಬಂದು ಹೋಗಿತ್ತಾದ್ದರಿಂದ ನನ್ನ ತಲೆ ಬೋಳಿಸಿದ್ದರು, ಆಗಷ್ಟೇ ಕೂದಲು ಮುಳ್ಳಿನಂತೆ ಎದ್ದಿತ್ತು. ಮೊಣಕಾಲು ಮೇಲಿನ ಫ್ರಾಕು, ಬಕಲ್ಲಿನ ಬೂಟು. ಅಣ್ಣನಿಗೆ ಅಮ್ಮ ಹೋದಾಗಿನಿಂದ ತೆಗೆಯದ ಗಡ್ಡ, ದಪ್ಪ ಕನ್ನಡಕ, ಹೆಗಲಿಗೆ ಊದಿಕೊಂಡ ಚೀಲ. ದಾರಿಯುದ್ದಕ್ಕೂ ಹೊಲಗಳಲ್ಲಿ ರವದಿ ಉರಿಯುತ್ತಿತ್ತು. ಮುಂದಿನ ಸೀಟಿನ ಹೆಂಗಸೊಬ್ಬಳು ತನ್ನ ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡು, ನಾವು ಇಳಿಯುವವರೆಗೂ ಅದರ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಯಾಕೆ ಎಂದು ನಮಗೆ ತಿಳಿದಿರಲಿಲ್ಲ. ಆ ದಿನಗಳಲ್ಲಿ ಆ ಸೀಮೆಯ ತುಂಬ ಮಕ್ಕಳ ಕಳ್ಳರ ಸುದ್ದಿ ಹಬ್ಬಿತ್ತು. ಹುಕ್ಕೇರಿ ಕಡೆ ಯಾರೋ ಗಡ್ಡದವನು ಮಿಠಾಯಿ ಕೊಟ್ಟು ಒಂದು ಕೂಸನ್ನು ಒಯ್ದನಂತೆ, ಅದರ ತಲೆ ಬೋಳಿಸಿಬಿಟ್ಟಿದ್ದನಂತೆ. ಕೂಸು ಯಾರದೆಂದು ಹೇಳುವವರು ಒಬ್ಬರೂ ಇರಲಿಲ್ಲ, ಸುದ್ದಿ ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಮೂಡಲಗಿಯಲ್ಲಿ ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರ ಮಾತು ನಿಂತುಹೋಯಿತು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಬೋಳುತಲೆಯ ಮೇಲೆ ಬಿದ್ದದ್ದನ್ನು ನಾನು ಮೈಮೇಲೆ ಇರುವೆ ಹರಿದಂತೆ ಅನುಭವಿಸಿದೆ. ಮನೆಗೆ ಹೋಗೋಣ ಎಂದು ಅಳಲು ಶುರುಮಾಡಿದೆ. ಅಣ್ಣ ಜೇಬಿನಿಂದ ಕರದಂಟು ತೆಗೆದು ನನ್ನ ಬಾಯಿಗಿಟ್ಟರು. ಬೆಂಚಿನಿಂದ ಒಬ್ಬ ಎತ್ತರದ ಮನುಷ್ಯ ಎದ್ದು ಬಂದ. ಅವನ ಹೆಸರು ರಾಮಗೊಂಡ ಎಂಬುದೂ ನನಗೆ ಆಮೇಲೆಯೇ ತಿಳಿದದ್ದು.

"ಎಲ್ಲಿಂದ ಬಂದೀರಿ?" ಎಂದ.

"ಮೈಸೂರಿಂದ. ಇವಳು ನನ್ನ ಮಗಳು. ಗೌರವ್ವ ಅನ್ನೋರ ಮನೆ ಎಲ್ಲಿ ಬರುತ್ತೆ?"

"ಗೌರವ್ವಗೋಳು ಓಣಿಗೊಬ್ಬಾಕಿ ಅದಾರ. ಮನಿತನದ ಹೆಸರೇನು?"

ಅಣ್ಣ ತಡವರಿಸಿದರು. ಬಾಗಿಲು ಮುಚ್ಚಿದ ಆ ಮನೆಯ ಹೆಸರನ್ನು ಅಮ್ಮ ನಮ್ಮ ಮನೆಯಲ್ಲಿ ಎತ್ತಿದವಳೇ ಅಲ್ಲ. ಅಷ್ಟರಲ್ಲಿ ನಮ್ಮ ಸುತ್ತ ಜನ ಕೂಡಿದ್ದರು. ರಾಮಗೊಂಡ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ದನಿ ಮೆತ್ತಗೆ ಮಾಡಿ ಕೇಳಿದ. "ಅಂಜಬ್ಯಾಡ ತಂಗಿ. ಇಂವ ನಿನಗ ಏನಾಗಬೇಕು?"

"ಅಣ್ಣ" ಎಂದೆ.

ಆ ಒಂದು ಮಾತಿಗೆ ಗುಂಪಿನ ಮುಖವೇ ಬದಲಾಯಿತು. ನಾನದನ್ನು ಕಣ್ಣಾರೆ ಕಂಡೆ. "ಅಂವ ಮಗಳ ಅಂತಾನ, ಇಕಿ ಅಣ್ಣಾ ಅಂತಾಳ" ಎಂದು ಯಾರೋ ಹಿಂದಿನಿಂದ ಕೂಗಿದರು. "ನಿಮ್ಮವ್ವ ಎಲ್ಲದಾಳ?" ಎಂದಿತು ಇನ್ನೊಂದು ದನಿ. "ಇಲ್ಲ" ಎಂದೆ. ಅದು ನಿಜವೇ ಆಗಿತ್ತು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ರಾಮಗೊಂಡ ಅವರ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ್ದ. ಕನ್ನಡಕ ಹಾರಿ ಮಣ್ಣಿಗೆ ಬಿತ್ತು. ಯಾರೋ ಚೀಲ ಕಿತ್ತು ಸುರಿದರು. ಅಮ್ಮನ ಸೀರೆಗಳು, ಅವಳ ಕಾಲ್ಗೆಜ್ಜೆ, ಹಸಿರು ಬಳೆಗಳು, ಅವಳ ತಾಯಿಗೆ ಒಪ್ಪಿಸಲೆಂದು ಅಣ್ಣ ತಂದಿದ್ದದ್ದೆಲ್ಲ ನಡುಬೀದಿಯಲ್ಲಿ ಚೆಲ್ಲಿತು. "ಹೆಂಗಸರ ಸೀರಿ, ಬಳಿ! ಯಾರ್‍ಯಾರ ಮನಿ ಮುರದಾನೋ ಏನೋ!" ಮೊದಲನೆಯ ಏಟು ಬಿದ್ದ ಸದ್ದು ನನಗಿನ್ನೂ ಕೇಳಿಸುತ್ತದೆ, ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ. ನಾನು ಅಣ್ಣಾ ಅಣ್ಣಾ ಎಂದು ಕಿರುಚಿದೆ. ಕಿರುಚಿದಷ್ಟೂ ಜನರ ಸಿಟ್ಟು ಹೆಚ್ಚುತ್ತಿತ್ತು. ಹೆಂಗಸರಿಬ್ಬರು ನನ್ನನ್ನು ಹಿಂದಕ್ಕೆಳೆದು ಅಪ್ಪಿ ಹಿಡಿದರು. ಅವರ ಕೈಯಲ್ಲಿ ನನ್ನ ಮೇಲೆ ಕರುಣೆಯಿತ್ತು, ಅದು ನನಗೂ ತಿಳಿಯುತ್ತಿತ್ತು. ನನ್ನನ್ನು ಕಾಪಾಡುತ್ತಿದ್ದೇವೆಂದೇ ಅವರು ಹಾಗೆ ಹಿಡಿದಿದ್ದರು. ಆ ಕರುಣೆಯಷ್ಟು ಭಯಂಕರವಾದದ್ದನ್ನು ನಾನು ಮತ್ತೆ ನೋಡಿಲ್ಲ.

ಬಸ್ ನಿಲ್ದಾಣದ ಮೂಲೆಯಲ್ಲಿ ಹುಸೇನಬಿ ಎಂಬ ಬಳೆ ಮಾರುವ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳಂತೆ. ಅಣ್ಣ ಮೈಸೂರು, ಗೌರವ್ವ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಗುಂಪಿಗೆ ಹೇಳಿದರೆ ಕೇಳುವವರಿಲ್ಲವೆಂದು, ಬುಟ್ಟಿಯನ್ನು ಅಲ್ಲೇ ಬಿಟ್ಟು, ಮಗಳು ಮದುವೆಯಾಗಿ ಮೈಸೂರಿಗೆ ಹೋಗಿದ್ದ ಗೌರವ್ವನ ಮನೆಯತ್ತ ಓಡಿದ್ದಳು.

ಆಯಿ ಬಂದದ್ದು ಗುಂಪು ಸೀಳಿಕೊಂಡು. ಅಜ್ಜಿಗೆ ಆ ಕಡೆ ಆಯಿ ಎನ್ನುತ್ತಾರೆ. ಕುಳ್ಳಗಿನ ದೇಹ, ಕೈತುಂಬ ಜೋಳದ ಹಿಟ್ಟು, ಓಡಿದ ರಭಸಕ್ಕೆ ಸೆರಗು ತಲೆಯಿಂದ ಜಾರಿತ್ತು. ನೆಲದ ಮೇಲಿದ್ದ ಅಣ್ಣನ ಮುಂದೆ ಬಂದು ನಿಂತಳು. ಅವಳು ಅವರನ್ನು ಹಿಂದೆಂದೂ ನೋಡಿದವಳಲ್ಲ, ಒಂದು ಫೋಟೋವನ್ನು ಕೂಡ.

"ಕೈ ತಗೀರಿ" ಎಂದಳು. "ನಮ್ಮ ಮಾದೇವಿ ಗಂಡ ಇಂವ. ನನ್ನ ಮನಿ ಅಳಿಯ. ಅದು ನನ್ನ ಮಮ್ಮಗಳು."

"ಗೌರವ್ವಾ, ಸರಿಯಾಗಿ ಗುರ್ತ ಹಿಡದು ಹೇಳ್ರಿ" ಎಂದ ರಾಮಗೊಂಡ. ಕೊರಳಪಟ್ಟಿ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

"ನನ್ನ ಅಳಿಯನ ಗುರ್ತ ನೀ ನನಗ ಕೇಳ್ತೀಯೇನೋ ರಾಮಗೊಂಡಾ? ಹೊಡೀಬೇಕಂದ್ರ ಮೊದಲ ನನ್ನ ಹೊಡಿ."

ಮುಷ್ಟಿ ಬಿಚ್ಚಿಕೊಂಡಿತು. ಜನ ಒಬ್ಬೊಬ್ಬರೇ ಹಿಂದೆ ಸರಿದರು. ಹುಸೇನಬಿ ಬಗ್ಗಿ ಅಮ್ಮನ ಸೀರೆಗಳ ಮಣ್ಣು ಕೊಡವಿ ಮಡಿಸತೊಡಗಿದಳು. ಆಯಿ ಅಣ್ಣನ ತೋಳು ಹಿಡಿದು ಎಬ್ಬಿಸಿದಾಗ ಅವಳ ಕೈಯ ಹಿಟ್ಟು ಅವರ ಅಂಗಿಗೆ ಬಿಳಿಯಾಗಿ ಅಂಟಿತು.

ಆ ಮನೆಯನ್ನು ಈಗ ನೆನೆದರೆ ಮೊದಲು ಕಣ್ಣಿಗೆ ಬರುವುದು ಕತ್ತಲೆ. ಹೊರಗಿನ ಬಿಸಿಲಿನಿಂದ ಒಳಗೆ ಹೆಜ್ಜೆಯಿಟ್ಟಾಗಿನ ಆ ತಂಪು ಕತ್ತಲೆ, ಸಗಣಿ ಸಾರಿಸಿದ ನೆಲ, ಬಾಗಿಲ ಎಡಕ್ಕೆ ಎಮ್ಮೆಯ ಉಸಿರು, ಪಡಸಾಲೆಯ ಗೋಡೆಗೆ ಬಸವಣ್ಣನ ಪಟ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಮಾಮಾ, ಅಂದರೆ ಅಮ್ಮನ ಒಡಹುಟ್ಟಿದವನು, ಗೋಕಾಕದ ಸಂತೆಗೆ ಹೋಗಿದ್ದವನು ಸುದ್ದಿ ತಿಳಿದು ಓಡೋಡಿ ಬಂದ. ಅಮ್ಮನ ಮದುವೆಯ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕೂಗಾಡಿದವನು ಅವನೇ ಅಂತೆ. ಅಂದು ಅರಿಶಿನ ಬಿಸಿ ಮಾಡಿಸಿ ತಾನೇ ಅಣ್ಣನ ಬೆನ್ನಿಗೆ ಹಚ್ಚಿದ. ಊಟಕ್ಕೆ ಕೂತಾಗ ಊದಿದ ಬೆರಳುಗಳಿಂದ ಅಣ್ಣನಿಗೆ ರೊಟ್ಟಿ ಮುರಿಯಲಾಗುತ್ತಿರಲಿಲ್ಲ. ಆಯಿ ಅವರ ಎದುರಿಗೆ ಕೂತು ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಕೊಟ್ಟಳು, ಸಣ್ಣ ಕೂಸಿಗೆ ಕೊಟ್ಟ ಹಾಗೆ. ಆಗ ಅಣ್ಣ ಕೇಳಿದರು. "ನಾನೇ ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಎಲ್ಲಿ ಗೊತ್ತಾಗ್ತೈತ್ರಿ" ಎಂದಳು ಆಯಿ. "ನಿಮ್ಮನ್ನ ನಾ ನೋಡೇ ಇರ್ಲಿಲ್ಲ. ಗುರ್ತ ಹಿಡ್ಕೋತ ನಿಂತ್ರ ಅಷ್ಟೊತ್ತಿಗೆ ನಿಮ್ಮ ಜೀವಾನ ಹೋಗಿರ್ತಿತ್ತು. ಬ್ಯಾರೆ ಯಾರರ ಆಗಿದ್ರೂ ಆಗ್ಲಿ, ಮೊದಲ ಮನಿಗೆ ಕರಕೊಂಡು ಬಂದು ಆಮ್ಯಾಲೆ ಕೇಳಿದ್ರಾತು ಅಂದ್ಕೊಂಡ್ನಿ."

ಅಣ್ಣ ತಟ್ಟೆ ಬದಿಗಿಟ್ಟು ಅತ್ತರು. ಅಮ್ಮ ಹೋದಾಗ ಅಳದಿದ್ದವರು.

ಮರುದಿನ ರಾಮಗೊಂಡ ಒಂದು ತಂಬಿಗೆ ಹಾಲು ತಂದು ಕಟ್ಟೆಯ ಮೇಲಿಟ್ಟು, ಒಳಗೆ ಬರಲಾರದೆ ನಿಂತ. ಅಣ್ಣ ಹೊರಗೆ ಹೋಗಿ ಅವನ ಜೊತೆ ಕೂತರು. ನಾನು ಎಮ್ಮೆಯ ಹಿಂದೆ ಅಡಗಿಕೊಂಡೆ. ಇದ್ದಷ್ಟು ದಿನವೂ ನಾನು ಹೊಸ್ತಿಲು ದಾಟಲಿಲ್ಲವೆಂದು ಕಂಡು, ಹೊರಡುವ ಮುಂಚೆ ಆಯಿ ನನ್ನ ಕೈ ಹಿಡಿದು ಓಣಿ ಓಣಿ ತಿರುಗಿಸಿದಳು. ಪ್ರತಿ ಬಾಗಿಲಲ್ಲೂ ನಿಲ್ಲಿಸಿ, "ನಮ್ಮ ಮಾದೇವಿ ಮಗಳು, ನೋಡ್ರಿ" ಎಂದಳು. ಹೆಂಗಸರು ಗಲ್ಲ ಹಿಡಿದರು, ತಲೆ ಸವರಿದರು, ಕೈಗೆ ಬೆಲ್ಲ ಕೊಟ್ಟರು. ನಾನು ಮಾತ್ರ ಆಯಿಯ ಸೆರಗಿನ ಹಿಂದೆಯೇ ಸರಿಯುತ್ತಿದ್ದೆ. ಹುಸೇನಬಿ ನನ್ನ ಕೈಗೆ ಬಳೆ ಇಡಲು ಬಂದಾಗಲೂ ಕೈ ಹಿಂದಕ್ಕೆಳೆದುಕೊಂಡೆ. ಅವಳು ನಕ್ಕು, "ಇರ್ಲಿ ಬಿಡ ಅವ್ವಾ, ದೊಡ್ಡಾಕಿ ಆಗಿ ಬಾ, ಆಗ ಇಡಸ್ತೇನಿ" ಎಂದಳು.

ಆಮೇಲೆ ಎಷ್ಟೋ ಬೇಸಿಗೆ ಆ ಮನೆಯಲ್ಲಿ ಕಳೆದೆವು. ಮಾಮಾ ಪ್ರತಿ ಸಲವೂ ಘಟಪ್ರಭಾದ ಸ್ಟೇಷನ್ನಿಗೇ ಬಂದು ನಿಂತಿರುತ್ತಿದ್ದ. ಅಣ್ಣ ಮತ್ತು ರಾಮಗೊಂಡ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುವಷ್ಟು ಹತ್ತಿರವಾದರು. ಆದರೂ ಆ ನಿಲ್ದಾಣದಲ್ಲಿ ಇಳಿಯುವಾಗ ಅಣ್ಣನ ಕೈ ತಾನಾಗಿ ಕೊರಳಪಟ್ಟಿಗೆ ಹೋಗುತ್ತಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ. ನಾನು ಕಾಲೇಜು ಸೇರಿದ ವರ್ಷ ಆಯಿ ಹೋದಳು. ಮಾಮಾ ಮನೆ ಮಾರಿ ಮಕ್ಕಳೊಡನೆ ಗೋಕಾಕ ಸೇರಿದ, ಅಲ್ಲೇ ತೀರಿಕೊಂಡ. ಅಣ್ಣನೂ ಹೋಗಿ ಕೆಲವು ವರ್ಷವಾಯಿತು.

ಕಳೆದ ಚಳಿಗಾಲದಲ್ಲಿ ಬೆಳಗಾವಿಗೆ ಕೆಲಸದ ಮೇಲೆ ಹೋದವಳು ಮನಸ್ಸು ತಡೆಯದೆ ಕಾರು ಮಾಡಿಕೊಂಡು ಮೂಡಲಗಿಗೆ ಹೋದೆ. ಮನೆಯಿದ್ದ ಕಡೆ ಶಟರ್ ಎಳೆದ ಮೂರು ಅಂಗಡಿಗಳಿದ್ದವು, ಮೇಲೆ ಯಾರದೋ ಸಂಸಾರ. ಕಾರು ದೂರ ನಿಲ್ಲಿಸಿ ಓಣಿಯಲ್ಲಿ ಹಿಂದೆ ಮುಂದೆ ನಡೆದೆ. ಎದುರಿನ ಕಟ್ಟೆಯ ಮೇಲೆ ಒಬ್ಬ ಹರೆಯದ ಹೆಂಗಸು ಮಗುವಿಗೆ ಉಣಿಸುತ್ತಿದ್ದಳು. ಮಗು ನನ್ನನ್ನು ನೋಡಿ ನಕ್ಕಿತು. ನಾನೂ ನಕ್ಕೆ. ಅವಳು ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡು ಎದ್ದು ನಿಂತಳು. ಮಗ್ಗುಲ ಅಂಗಡಿಯವನು ಮೊಬೈಲು ಕೈಗೆತ್ತಿಕೊಂಡ, ಸುಮ್ಮನೆಯೋ ಫೋಟೋ ಹಿಡಿಯಲೋ ತಿಳಿಯಲಿಲ್ಲ.

"ಯಾರ ಪೈಕಿರಿ ನೀವು?" ಎಂದಳು.

"ಗೌರವ್ವಾರ ಮೊಮ್ಮಗಳು. ಇಲ್ಲೇ ಇತ್ತು ಅವರ ಮನೆ."

ಅವಳು ಅಂಗಡಿಯವನ ಕಡೆ ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ. "ಹಂಗ ಯಾರೂ ಇಲ್ರಿ ಇಲ್ಲಿ" ಎಂದಳು ಅವಳು, ಒರಟಾಗಿ ಏನಲ್ಲ, ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು.

ಹೌದು, ಇರಲಿಲ್ಲ. ನಾನು ಯಾರೆಂದು ಕೇಳದೆಯೇ ನಮ್ಮವಳು ಎನ್ನುವವರು ಆ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಬರ್ತೇನೆ ಎಂದು ಹೇಳಿ ತಿರುಗಿದೆ. ಓಡಿಹೋಗಿ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಳ್ಳಬೇಕು ಎನ್ನಿಸುತ್ತಿತ್ತು. ಬೇಗ ನಡೆದರೆ ನೋಡುವವರಿಗೆ ಅನುಮಾನ ಬಂದೀತೆಂದು, ಎರಡೂ ಕೈ ಎಲ್ಲರಿಗೂ ಕಾಣುವಂತೆ ಇಳಿಬಿಟ್ಟುಕೊಂಡು, ಓಣಿಯ ಕೊನೆಯವರೆಗೂ ನಿಧಾನವಾಗಿಯೇ ನಡೆದೆ.