ಮೂರನೆಯ ತೊಟ್ಟಿಯ ನೀರು

ಬಣ್ಣದ ವಿಷಯದಲ್ಲಿ ನಮ್ಮಪ್ಪನಿಗೆ ಎದುರು ಮಾತಾಡುವವರು ಚಾಮರಾಜಪೇಟೆಯಲ್ಲಿ ಯಾರೂ ಇರಲಿಲ್ಲ. ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಅವರು ರೇಷ್ಮೆ ನೂಲಿಗೆ ಬಣ್ಣ ಹಾಕಿ ನೇಕಾರರಿಗೆ ಕೊಡುತ್ತಿದ್ದರು. ಯಾರಾದರೂ ಹಳೇ ಸೀರೆಯ ಚೂರು ತಂದು ಇದೇ ಬಣ್ಣ ಬೇಕು ಅಂದರೆ, ಅದನ್ನು ಹಿಡಿದು ಬಾಗಿಲಿಗೆ ಬಂದು, ಬಿಸಿಲಿಗೆ ಬೆನ್ನು ಮಾಡಿ ನಿಂತು ನೋಡುವರು. "ಇದು ಬರೀ ಈರುಳ್ಳಿ ಬಣ್ಣ ಅಲ್ಲ, ಒಂದ್ ಹನಿ ನೇರಳೆ ಬಿದ್ದಿದೆ" ಅನ್ನುವರು. ಅಷ್ಟೇ. ನೂಲು ಒಣಗಿದ ಮೇಲೆ ಚೂರನ್ನು ಪಕ್ಕಕ್ಕಿಟ್ಟರೆ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಬಣ್ಣದ ನೀರು ಸೀದಾ ಬೀದಿಯ ಮೋರಿಗೆ ಹೋಗುತ್ತಿತ್ತು. ಮೋರಿ ನೋಡಿಕೊಂಡು ಎದುರುಮನೆಯವರು "ಏನ್ರೀ, ಇವತ್ತು ಗಿಳಿಹಸಿರಾ?" ಅಂತ ಕೇಳುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ನೋಟಿಸು ಬಂದಾಗ ಅಪ್ಪ ಬೈದುಕೊಳ್ಳುತ್ತಲೇ ಶೆಡ್ಡಿನ ಹಿಂದೆ ಮೂರು ತೊಟ್ಟಿ ಕಟ್ಟಿಸಿದರು. ಮೊದಲನೆಯದರಲ್ಲಿ ಸುಣ್ಣ, ಪಟಿಕ. ಎರಡನೆಯದರಲ್ಲಿ ಮರಳು, ಇದ್ದಿಲು. ಮೂರನೆಯದಕ್ಕೆ ಬರುವ ಹೊತ್ತಿಗೆ ನೀರು ತಿಳಿಯಾಗಿರುತ್ತಿತ್ತು. ಕಾಗದಪತ್ರದ ಕೆಲಸ ಮಾತ್ರ ನನ್ನ ತಲೆಗೆ ಬಂತು. ಮದುವೆಯಾಗಿ ಎರಡು ರಸ್ತೆ ಆಚೆಗಷ್ಟೇ ಹೋದವಳು ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅರ್ಜಿ ತುಂಬುವುದು, ಅನುಮತಿ ನವೀಕರಿಸುವುದು ಎಲ್ಲ ನನ್ನದೇ.

ಆ ವರ್ಷ ಪರಿಶೀಲನೆಗೆ ಹೊಸ ಅಧಿಕಾರಿ ಬಂದಳು. ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಕೈಯಲ್ಲಿ ಖಾಲಿ ಕ್ಯಾನು, ಐಸ್ ತುಂಬಿದ ಪೆಟ್ಟಿಗೆ. ಅಪ್ಪ ಮೂರನೆಯ ತೊಟ್ಟಿಯಿಂದ ಒಂದು ಗಾಜಿನ ಲೋಟ ನೀರು ತುಂಬಿ ಬೆಳಕಿಗೆ ಹಿಡಿದರು.

"ನೋಡಮ್ಮ, ಕನ್ನಡಿ ಹಂಗಿದೆ. ಇದಕ್ಕಿನ್ನೇನ್ ಟೆಸ್ಟು?"

"ಸರ್, ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಿದ್ರು ನಮ್ಮಜ್ಜಿ" ಎಂದು ನಕ್ಕು ಆಕೆ ಕ್ಯಾನು ತುಂಬಿಕೊಂಡಳು. ಅಜ್ಜಿಯ ಮಾತೇ ನಿಜವಾಯಿತು. ಬಣ್ಣ ಹೋಗಿತ್ತು, ಉಪ್ಪು ಹೋಗಿರಲಿಲ್ಲ. ಉಪ್ಪು ಹಾಕದೆ ಆ ಬಣ್ಣಗಳು ನೂಲಿಗೆ ಹತ್ತುವುದಿಲ್ಲ. ಹಾಕಿದ ಉಪ್ಪು ಮೂರೂ ತೊಟ್ಟಿಗಳನ್ನು ಹಾಯ್ದು ಹಾಗೇ ಮೋರಿ ಸೇರುತ್ತಿತ್ತು. ಒಂದು ತಿಂಗಳ ಗಡುವು ಸಿಕ್ಕಿತು. ಮತ್ತೆ ಪರೀಕ್ಷೆ, ಆಗಲೂ ಹೀಗೇ ಬಂದರೆ ಕರೆಂಟು ಕಿತ್ತು ಶೆಡ್ಡಿಗೆ ಬೀಗ.

ಉಪ್ಪು ತೆಗೆಯುವ ಯಂತ್ರ ನಮ್ಮ ಶೆಡ್ಡಿನೊಳಗೆ ಹಿಡಿಸುವಂತಿರಲಿಲ್ಲ. ಅಪ್ಪನಿಗೆ ಆ ಚಿಂತೆಯೇ ಇರಲಿಲ್ಲ, ಅವರ ಪ್ರಕಾರ ಲ್ಯಾಬೇ ತಪ್ಪು. "ಕಣ್ಣಿಗೆ ಕಾಣದ ಕೊಳೆ ಯಾವ್ದು ಹೇಳು ನೋಡೋಣ" ಅಂತ ದಿನಕ್ಕೆರಡು ಸಲ ನನ್ನ ಮೇಲೆ ಹಾರಾಡುವರು. ಊಟ ಸೇರುತ್ತಿರಲಿಲ್ಲ. ಅವರಿಗೆ ಆ ಶೆಡ್ಡು ಬಿಟ್ಟರೆ ಬೇರೆ ಜಗತ್ತು ಇರಲಿಲ್ಲ. ಅಮ್ಮ ಹೋದ ಮೇಲಂತೂ ಬೆಳಿಗ್ಗೆ ಏಳುತ್ತಿದ್ದುದೇ ಹಂಡೆಯ ಕೆಳಗೆ ಉರಿ ಹಚ್ಚಲು. ಬೀಗ ಬಿದ್ದರೆ ಅಪ್ಪ ಉಳಿಯುವುದಿಲ್ಲ ಅಂತ ನನಗೆ ಖಂಡಿತ ಅನ್ನಿಸಿತ್ತು.

ಎರಡನೇ ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದರು. ನಾನು ಮೂರನೆಯ ತೊಟ್ಟಿಯನ್ನು ಖಾಲಿ ಮಾಡಿ, ಹಿತ್ತಲ ನಲ್ಲಿಗೆ ಪೈಪು ಸಿಕ್ಕಿಸಿ, ಕಂಠಮಟ್ಟ ಕಾವೇರಿ ನೀರು ತುಂಬಿದೆ. ಅಪ್ಪನ ಪೂಜೆ ಮುಗಿಯುವಷ್ಟರಲ್ಲಿ ಪೈಪು ಸುತ್ತಿಟ್ಟಾಗಿತ್ತು. ಮಕ್ಕಳು ಕಾಪಿ ಹೊಡೆದರೆ ಕ್ಲಾಸಿನಿಂದ ಆಚೆಗೆ ಕಳಿಸುತ್ತಿದ್ದವಳು ನಾನು.

ಅಧಿಕಾರಿ ಕ್ಯಾನು ಮುಳುಗಿಸುತ್ತ "ನೀರು ಇವತ್ತು ತಣ್ಣಗಿದೆಯಲ್ಲ ಮೇಡಂ" ಅಂದಳು.

"ಬೆಳಗಿನ ಹೊತ್ತಲ್ವಾ" ಅಂದೆ.

ರಿಪೋರ್ಟು ಚೆನ್ನಾಗಿ ಬಂತು. ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ರಿಪೋರ್ಟಿಗೆ ಗಾಜಿನ ಕಟ್ಟು ಹಾಕಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿ, ಬಂದ ನೇಕಾರರಿಗೆಲ್ಲ ತೋರಿಸಿ, "ಲ್ಯಾಬ್ನೋರು ಮಿಷನ್ನಲ್ಲಿ ನೋಡಿ ಹೇಳಿದ್ದನ್ನ ನಾನು ಲೋಟದಲ್ಲಿ ನೋಡಿ ಹೇಳಿದ್ದೆ" ಅನ್ನುತ್ತಿದ್ದರು. ಆ ಖುಷಿಗೆ ಕಲ್ಲು ಹಾಕಲು ನನ್ನಿಂದಾಗಲಿಲ್ಲ. ನಿಜ ಹೇಳಬೇಕೆಂದರೆ, ಅವರು ಎರಡು ಮುದ್ದೆ ಉಂಡು ಎದ್ದಾಗ ನಾನು ಮಾಡಿದ್ದೇ ಸರಿ ಅಂತಲೂ ಅನ್ನಿಸುತ್ತಿತ್ತು.

ಕೆಡಿಸಿದ್ದು ಫಿಲ್ಟರ್ ಮಾರುವವನು. ನಿಮ್ಮ ನಲ್ಲಿ ನೀರು ಎಷ್ಟು ಕೆಟ್ಟದು ತೋರಿಸುತ್ತೇನೆ ಅಂತ ಬಂದವನು ಪೆನ್ನಿನಂಥ ಮೀಟರೊಂದನ್ನು ಲೋಟಕ್ಕೆ ಇಳಿಬಿಟ್ಟ. ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಅದರಲ್ಲಿ ಅಂಕಿ ಮೂಡುತ್ತದೆ. ಫಿಲ್ಟರು ಬೇಡ, ಪೆನ್ನು ಕೊಡಪ್ಪ ಅಂದರು ನಮ್ಮಪ್ಪ. ಅಂದಿನಿಂದ ಅದ್ದದೆ ಬಿಟ್ಟ ಪದಾರ್ಥವಿಲ್ಲ. ಎಳನೀರು, ಮಜ್ಜಿಗೆ, ಸಾರು, ಕೊನೆಗೆ ದೇವರ ತೀರ್ಥ. ಇನ್ನು ತೊಟ್ಟಿಯೊಂದೇ ಬಾಕಿ. ಪೆನ್ನನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಎರಡೇ ದಿನದಲ್ಲಿ ಹುಡುಕಿ ತೆಗೆದು, ಅಕ್ಕಿ ತೊಳೆದ ನೀರಿಗೂ ಅದ್ದಿದರು.

ಒಂದು ಭಾನುವಾರ ನಾನು ಹೋದಾಗ ಅಪ್ಪ ಮೂರನೆಯ ತೊಟ್ಟಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಎರಡು ಗಾಜಿನ ಲೋಟ, ಎರಡರಲ್ಲೂ ನೀರು.

"ಒಂದು ನಲ್ಲೀದು, ಒಂದು ತೊಟ್ಟೀದು. ಯಾವ್ದು ಯಾವ್ದು ಹೇಳಮ್ಮ."

ಬಗ್ಗಿ ನೋಡಿದೆ. ಗೊತ್ತಾಗಲಿಲ್ಲ.

"ನಂಗೂ ಗೊತ್ತಾಗ್ತಿಲ್ಲ" ಅಂದರು. ಆಮೇಲೆ ಪೆನ್ನನ್ನು ಒಂದೊಂದರಲ್ಲೂ ಅದ್ದಿ ತೋರಿಸಿದರು. ಒಂದರ ಅಂಕಿ ಅಲ್ಲೇ ನಿಂತಿತು, ಇನ್ನೊಂದರದು ಏರುತ್ತಲೇ ಹೋಯಿತು. "ಗೋಡೆ ಮೇಲಿನ ರಿಪೋರ್ಟಲ್ಲಿರೋದು ನಲ್ಲೀದರ ಅಂಕಿ. ಅವತ್ತು ನಲ್ಲಿ ಬಿಟ್ಟಿದ್ದು ನೀನಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ತಪ್ಪು ನನ್ನದಾದರಂತೂ ಕೇಳುವುದೇ ಬೇಡ. "ಹೌದು, ಬಿಟ್ಟೆ. ಏನೀಗ? ಬೀಗ ಹಾಕಿಸ್ಕೊಂಡು ಕೂತ್ಕೋಬೇಕಿತ್ತಾ?" ಅಂತ ಕೂಗಾಡಿದೆ. ಅಪ್ಪ ಕೂಗಲಿಲ್ಲ. ಅದೇ ತಡೆಯಲಾಗಲಿಲ್ಲ ನನಗೆ.

"ಈ ನೀರು ಎಲ್ಲಿಗ್ ಹೋಗುತ್ತೆ ಅಂತ ಗೊತ್ತಲ್ವಾ ನಿಂಗೆ? ಮೋರಿಯಿಂದ ಹೊಳೆಗೆ. ಊರಾಚೆ ಅದೇ ನೀರಲ್ಲೇ ಸೊಪ್ಪು ಬೆಳೀತಾರೆ. ಬಣ್ಣ ಹೋಯ್ತಲ್ಲ, ಇನ್ನೇನು ಅಂತ ನಾನು ನೆಮ್ಮದಿಯಾಗಿದ್ದೆ ಕಣಮ್ಮ." ಪೆನ್ನನ್ನು ಜೇಬಿಗಿಟ್ಟು, "ನನ್ ಕಣ್ಣು ತಪ್ಪು ಅಂತ ನಂಗೆ ಹೇಳ್ಬೋದಿತ್ತು" ಅಂದರು. ನಾನು ಅವರ ಪಕ್ಕ ಕೂತು ಅತ್ತೆ. ಅವರು ತೊಟ್ಟಿಯ ನೀರಿದ್ದ ಲೋಟವನ್ನು ಮೋರಿಗೆ ಚೆಲ್ಲಲು ಹೋಗಿ, ತಡೆದು, ಮತ್ತೆ ತೊಟ್ಟಿಗೇ ಸುರಿದರು.

ಮಾರನೆಯ ದಿನ ಅಪ್ಪ ಹಂಡೆಯ ಕೆಳಗೆ ಉರಿ ಹಚ್ಚಲಿಲ್ಲ. ಮಡಿ ಪಂಚೆ ಉಟ್ಟು, ಗೋಡೆಯ ಮೇಲಿನ ರಿಪೋರ್ಟನ್ನು ಕಟ್ಟಿನ ಸಮೇತ ಕೈಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿ ಅಂದರು. ದಾರಿಯುದ್ದಕ್ಕೂ ನಾನು ಜಗಳವಾಡಿದೆ. ಶಾಲೆಯಲ್ಲಿ ಗೊತ್ತಾದರೆ ನನ್ನ ಗತಿ ಏನು ಅಂತ ಕೂಡ ಅಂದೆ. ಅದನ್ನು ಅನ್ನಬಾರದಿತ್ತು.

ಮಂಡಳಿಯ ಕಚೇರಿಯಲ್ಲಿ ಆ ಅಧಿಕಾರಿ ಎದ್ದು ನಿಂತು ಅಪ್ಪನಿಗೆ ಕುರ್ಚಿ ಎಳೆದು ಕೊಟ್ಟಳು. ಅಪ್ಪ ಚೀಲದಿಂದ ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

"ಈ ನೀರು ನಮ್ದಲ್ಲ ತಾಯಿ. ನಲ್ಲಿ ನೀರು. ಶೆಡ್ಡು ನಾನೇ ನಿಲ್ಲಿಸ್ತೀನಿ, ಅದಕ್ಕೇನ್ ಬರೀಬೇಕೋ ಹೇಳಿ."

ಆಕೆ ರಿಪೋರ್ಟಿನ ತಾರೀಖು ನೋಡಿದಳು. "ಯಾರು ಸರ್ ನಲ್ಲಿ ಬಿಟ್ಟಿದ್ದು?" ಅಂತ ಕೇಳಿದಳು. ಕೇಳುವಾಗ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಾನೇ" ಅಂದರು ಅಪ್ಪ.

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅಪ್ಪನ ಕೈ ಬಂದು ನನ್ನ ಕೈಯನ್ನು ಗಟ್ಟಿಯಾಗಿ ಅದುಮಿತು. ಎಷ್ಟು ತಿಕ್ಕಿದರೂ ಬಣ್ಣ ಹೋಗದ ಉಗುರುಗಳು, ಬಿಸಿನೀರಿನಲ್ಲಿ ಬೆಂದು ದಪ್ಪಗಾದ ಬೆರಳುಗಳು. ಆಕೆ ಹೇಳಿಕೆ ಬರೆದುಕೊಂಡು ಕಾಗದವನ್ನು ಅವರ ಕಡೆ ತಿರುಗಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು, 'ನಾನೇ ನಲ್ಲಿ ನೀರು ತುಂಬಿಸಿರುತ್ತೇನೆ' ಎಂಬ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದರು. ಅವರ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ.

ನಾನು ಸುಮ್ಮನಿದ್ದೆ. ಶೆಡ್ಡು ಮುಚ್ಚಿದ ಮೇಲೆ ನಾನು ಹೆದರಿದ್ದಂತೆ ಏನೂ ಆಗಲಿಲ್ಲ, ಅಪ್ಪ ಇನ್ನೂ ಆರು ವರ್ಷ ಬದುಕಿದರು. ಆ ಆರು ವರ್ಷದಲ್ಲಿ ಒಂದು ದಿನವೂ ಆ ಮಾತು ಎತ್ತಲಿಲ್ಲ. ಕಚೇರಿಯ ಕಡತದಲ್ಲಿ ಆ ಕಾಗದ ಇನ್ನೂ ಇರಬಹುದು, ಅದರಲ್ಲಿ ಅವರ ಸಹಿಯೂ ಇರಬಹುದು. ಅವತ್ತು ಹೇಳಲಾಗದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ: ನಲ್ಲಿ ತಿರುಗಿಸಿದವಳು ನಾನು.